ಬೆಂಕಿಯಲ್ಲಿ ಅರಳುವ ಲೋಹದ ಪುಡಿ ಮತ್ತು ಬೆಟ್ಟದ ನೀರು

(ಹೆಬ್ಬೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೆಬ್ಬೆಯ ಜಲಪಾತದ ಹಾದಿಯಲ್ಲಿ ನಡೆದು ಬಂದವರ ಅಂಗಾಲನ್ನು ನೋಡಿದರೆ ಇಂದಿನ ವಿಷಯದ ಅರ್ಧ ಭಾಗ ಅಲ್ಲಿಯೇ ಅಂಟಿಕೊಂಡಿರುತ್ತದೆ. ಈ ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡು. ಲೋಹವು ಆಮ್ಲಜನಕದೊಡನೆ ಕೂಡಿದಾಗ ಆಗುವ ವಸ್ತುವೇ ಲೋಹದ ಆಕ್ಸೈಡು. ಬಾಬಾಬುಡನ್ ಗಿರಿಶ್ರೇಣಿಯ ಅದಿರು, ಮನೆಕಟ್ಟಲು ಬಳಸುವ ಜಂಬಿಟ್ಟಿಗೆ, ಹಳೆಯ ಕತ್ತಿಗೆ ಹಿಡಿದ ತುಕ್ಕು, ಇವೆಲ್ಲವೂ ಒಂದೇ ಕುಲದವು. ಈ ಕೆಂಪು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡಿನ ಕೆಲವು ಕಣಗಳು ಎಷ್ಟು ಸಣ್ಣವೆಂದರೆ, ಇಂದು ಪ್ರಯೋಗಾಲಯಗಳು ‘ನ್ಯಾನೋ ಕಣ’ ಎಂದು ಕರೆಯುವ ಗಾತ್ರಕ್ಕೆ ಅವು ಇಳಿಯುತ್ತವೆ. ಮಳೆ, ಬಿಸಿಲು ಮತ್ತು ಬೇರುಗಳು ಕೂಡಿ ಅವುಗಳನ್ನು ಸಾವಿರಾರು ವರ್ಷಗಳಲ್ಲಿ ಬಿಡುವಾಗಿ ತಯಾರಿಸಿವೆ.

ಅಂಥದೇ ಪುಡಿಯನ್ನು ಐದು ನಿಮಿಷಗಳಲ್ಲಿ ತಯಾರಿಸುವ ವಿಧಾನವೊಂದಿದೆ. ಅದಕ್ಕೆ ‘ದಹನ ಸಂಶ್ಲೇಷಣೆ’ ಎಂದು ಹೆಸರು. ಮೈಕ್ರೋವೇವ್ ಒಲೆಯ ನೆರವು ಪಡೆದಾಗ ಅದು ‘ಮೈಕ್ರೋವೇವ್ ನೆರವಿನ ದಹನ ಸಂಶ್ಲೇಷಣೆ’ ಎನಿಸುತ್ತದೆ. ಹೆಸರು ಉದ್ದವಾದರೂ ವಿಷಯ ಸರಳವಾಗಿದೆ, ಮತ್ತು ಅದು ಹುಟ್ಟಿದ್ದು ಕರ್ನಾಟಕದಲ್ಲಿಯೇ. ಇದನ್ನು ಬೆಟ್ಟದ ಜನರು ತಿಳಿದಿರಬೇಕಾದುದಕ್ಕೆ ಇನ್ನೊಂದು ಕಾರಣವೂ ಇದೆ. ‘ನ್ಯಾನೋ’ ಎಂಬ ಪದ ಈಗ ವಿಜ್ಞಾನದ ಪುಸ್ತಕವನ್ನು ದಾಟಿ ಗೊಬ್ಬರದ ಅಂಗಡಿಯ ಬಾಟಲಿಯ ಮೇಲೆ ಬಂದು ಕುಳಿತಿದೆ. ಬೆಟ್ಟದ ಮೇಲೆ ಸಿಂಪಡಿಸಿದ್ದು ಬೆಟ್ಟದಲ್ಲಿಯೇ ಉಳಿಯುವುದಿಲ್ಲ ಎಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಅದಿರು ಬೆಟ್ಟದ್ದು, ಇದ್ದಿಲು ಕಾಡಿನದು

ಲೋಹದ ಆಕ್ಸೈಡಿನ ಕಥೆಯನ್ನು ಹೇಳುವಾಗ ಬೆಂಕಿಯ ಕಥೆಯನ್ನು ಬಿಡಲಾಗದು. ಅದನ್ನು ಕಲಿಯಲು ಹೆಬ್ಬೆಯಿಂದ ದೂರ ಹೋಗಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಅದು ಇದೆ. ಅಲ್ಲಿಯ ಅದಿರನ್ನು ರೋಪ್‌ವೇ ಮೂಲಕ ಕೆಳಗಿಳಿಸಿ ಭದ್ರಾವತಿಗೆ ಸಾಗಿಸಲಾಗುತ್ತಿತ್ತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಯೋಜಿತವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದ ಶಾಖ ಬಂದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಮಲೆನಾಡಿನ ಮರಗಳಿಂದ. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತು ಕಬ್ಬಿಣವನ್ನು ಪಡೆಯಲು ಕಾಡು ಉರಿಯಬೇಕಾಯಿತು. ಮರವು ಬೀಳುತ್ತಿದ್ದುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕಬ್ಬಿಣದ ಬೆಲೆಯ ಒಂದು ಭಾಗ ಬೋಳಾದ ಗುಡ್ಡದ ರೂಪದಲ್ಲಿ ಎದುರಿಗೇ ಇತ್ತು.

ದಹನ ಸಂಶ್ಲೇಷಣೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕೆಲಸ. ಇಲ್ಲಿ ಲೋಹದಿಂದ ಆಮ್ಲಜನಕವನ್ನು ಬಿಡಿಸುವುದಿಲ್ಲ; ಲೋಹವನ್ನು ಆಕ್ಸೈಡಿನ ರೂಪದಲ್ಲಿಯೇ, ಅತಿ ಸೂಕ್ಷ್ಮ ಪುಡಿಯಾಗಿ ಪಡೆಯುತ್ತಾರೆ. ಆದರೂ ‘ಶಾಖ ಎಲ್ಲಿಂದ ಬಂತು?’ ಎಂಬ ಭದ್ರಾವತಿಯ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು.

1988ರ ಬೆಂಗಳೂರು

ಪಿಂಗಾಣಿಯಂಥ ಗಟ್ಟಿ ಆಕ್ಸೈಡುಗಳನ್ನು ತಯಾರಿಸುವ ಹಳೆಯ ವಿಧಾನ ಬಹಳ ಶ್ರಮದ್ದು. ಉದಾಹರಣೆಗೆ ಅಲ್ಯೂಮಿನಿಯಂ ಆಕ್ಸೈಡಿನ ಅತ್ಯಂತ ಸ್ಥಿರವಾದ ರೂಪವನ್ನು ಪಡೆಯಲು ಕಚ್ಚಾವಸ್ತುವನ್ನು 1100 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ತಾಪದಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಹಾಗೆ ಕಾಯಿಸಿದಷ್ಟೂ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿ ಜೆ. ಜೆ. ಕಿಂಗ್ಸ್ಲಿ ಅವರು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾಗಳ ಪರಸ್ಪರ ಕ್ರಿಯೆಯನ್ನು ಅಭ್ಯಸಿಸುತ್ತಿದ್ದರು. ಎರಡರ ದ್ರಾವಣವನ್ನು ಸುಮಾರು 500 ಡಿಗ್ರಿಗೆ ಕಾದಿದ್ದ ವಿದ್ಯುತ್ ಕುಲುಮೆಯೊಳಗೆ ಇಟ್ಟಾಗ ಅನಿರೀಕ್ಷಿತವಾದುದು ಘಟಿಸಿತು. ದ್ರಾವಣ ಕುದಿಯಿತು, ನೊರೆಯಿತು, ಉಬ್ಬಿತು. ಬಳಿಕ ಪ್ರಖರವಾದ ಜ್ವಾಲೆಯಾಗಿ ಹೊತ್ತಿಕೊಂಡಿತು. ಬೆಂಕಿ ಆರಿದಾಗ ಪಾತ್ರೆಯ ತುಂಬ ಬಿಳಿಯ ಹಗುರಾದ ನೊರೆಯಂಥ ವಸ್ತು ಉಳಿದಿತ್ತು. ಪರೀಕ್ಷಿಸಿದಾಗ ಅದು ಗಂಟೆಗಟ್ಟಲೆ ಕಾಯಿಸಿ ಪಡೆಯಬೇಕಾದ ಅದೇ ಅಲ್ಯೂಮಿನಾ ಆಗಿತ್ತು. ಕುಲುಮೆಯ ತಾಪ 500 ಡಿಗ್ರಿ ಇದ್ದರೂ ಜ್ವಾಲೆಯೊಳಗಿನ ತಾಪ ಅದಕ್ಕಿಂತ ಬಹಳ ಮೇಲಕ್ಕೆ ಏರಿತ್ತು. ಇಡೀ ಕ್ರಿಯೆಗೆ ಹಿಡಿದ ಕಾಲ ಐದು ನಿಮಿಷಕ್ಕಿಂತ ಕಡಿಮೆ. 1988ರಲ್ಲಿ ಪ್ರಕಟವಾದ ಈ ಶೋಧವನ್ನು ಆಧರಿಸಿ ಜಗತ್ತಿನ ಅನೇಕ ದೇಶಗಳಲ್ಲಿ ಸಂಶೋಧನೆ ಮುಂದುವರಿದಿದೆ.

ಭತ್ತವನ್ನು ಕಾದ ಬಾಣಲೆಗೆ ಹಾಕಿದಾಗ ಅರಳು ಆಗುವುದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ ಹೊರಗೆ ನುಗ್ಗುವಾಗ ಹಿಟ್ಟಿನ ಭಾಗ ಹಿಗ್ಗಿ ಹಗುರಾಗುತ್ತದೆ. ಇಲ್ಲಿಯೂ ಅಪಾರವಾದ ಅನಿಲಗಳು ಕ್ಷಣಾರ್ಧದಲ್ಲಿ ಹೊರಟು ಆಕ್ಸೈಡನ್ನು ಅರಳಿಸುತ್ತವೆ. ಅನಿಲಗಳು ಶಾಖವನ್ನೂ ಹೊತ್ತೊಯ್ಯುವುದರಿಂದ ಕಣಗಳು ಪರಸ್ಪರ ಅಂಟಿಕೊಂಡು ಬೆಳೆಯಲು ಸಮಯ ಸಿಗುವುದಿಲ್ಲ. ಅವು ಸಣ್ಣವಾಗಿಯೇ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ.

ಮದ್ದಿನ ಪುಡಿಯ ಲೆಕ್ಕ

ಈ ಬೆಂಕಿಗೆ ಹೊರಗಿನ ಗಾಳಿ ಅಷ್ಟಾಗಿ ಬೇಕಿಲ್ಲ. ಜಾತ್ರೆಯ ಬಿರುಸು, ಗರ್ನಾಲುಗಳಲ್ಲಿ ತುಂಬುವ ಮದ್ದಿನ ಪುಡಿಯನ್ನು ಗಮನಿಸಬಹುದು. ಅದರಲ್ಲಿ ಇದ್ದಿಲು ಮತ್ತು ಗಂಧಕ ಇಂಧನಗಳು. ಅವು ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ. ಪೆಟ್ಲುಪ್ಪು ಒಂದು ನೈಟ್ರೇಟ್. ದಹನ ಸಂಶ್ಲೇಷಣೆಯಲ್ಲಿ ಆ ಸ್ಥಾನದಲ್ಲಿ ಲೋಹದ ನೈಟ್ರೇಟ್ ಇರುತ್ತದೆ. ಇಂಧನದ ಸ್ಥಾನದಲ್ಲಿ ಯೂರಿಯಾ, ಗ್ಲೈಸೀನ್, ಸಿಟ್ರಿಕ್ ಆಮ್ಲ ಮೊದಲಾದವು ಇರುತ್ತವೆ. ಗದ್ದೆಗೆ ಎರಚುವ ಯೂರಿಯಾ ಇಲ್ಲಿ ಸೌದೆಯ ಕೆಲಸವನ್ನು ಮಾಡುತ್ತದೆ.

ಎಷ್ಟು ನೈಟ್ರೇಟಿಗೆ ಎಷ್ಟು ಇಂಧನ ಎಂಬುದನ್ನು ಅಂದಾಜಿನಿಂದ ಹಾಕುವಂತಿಲ್ಲ. ಇದಕ್ಕಾಗಿ ಬಳಸುವ ಲೆಕ್ಕವೂ ಅದೇ ಸಂಸ್ಥೆಯಿಂದ ಬಂದದ್ದು. ರಾಕೆಟ್ ನೋದಕಗಳಲ್ಲಿರುವಂಥ ಇಂಧನ ಮತ್ತು ಉತ್ಕರ್ಷಕಗಳ ಮಿಶ್ರಣವನ್ನು ಕುರಿತು ಎಸ್. ಆರ್. ಜೈನ್, ಕೆ. ಸಿ. ಅಡಿಗ ಮತ್ತು ವಿ. ಆರ್. ಪೈ ವೆರ್ನೇಕರ್ ಅವರು 1981ರಲ್ಲಿ ಪ್ರಕಟಿಸಿದ ಸರಳ ವಿಧಾನವದು. ಅದರ ಪ್ರಕಾರ ಇಂಗಾಲಕ್ಕೆ ಕೂಡು 4, ಜಲಜನಕಕ್ಕೆ ಕೂಡು 1, ಆಮ್ಲಜನಕಕ್ಕೆ ಕಳೆ 2, ಸಾರಜನಕಕ್ಕೆ ಸೊನ್ನೆ, ಲೋಹಕ್ಕೆ ಅದರ ವೇಲೆನ್ಸಿಯಷ್ಟು ಅಂಕ. ಹೀಗೆ ಕೂಡಿದರೆ ಯೂರಿಯಾಕ್ಕೆ ಕೂಡು 6, ಸತುವಿನ ನೈಟ್ರೇಟಿಗೆ ಕಳೆ 10 ಬರುತ್ತದೆ. ಎರಡೂ ಸರಿದೂಗಬೇಕಾದರೆ ಮೂರು ಪಾಲು ಸತುವಿನ ನೈಟ್ರೇಟಿಗೆ ಐದು ಪಾಲು ಯೂರಿಯಾ ಬೇಕು. ಪಾಲು ಎಂದರೆ ಇಲ್ಲಿ ಮೋಲ್. ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು.

ಆ ಲೆಕ್ಕವನ್ನು ತಕ್ಕಡಿಗೆ ಇಳಿಸಿದರೆ ಹೊರಬೀಳುವ ಸತ್ಯ ಇನ್ನೂ ಉಪಯುಕ್ತವಾದುದು. ಒಂದು ಕಿಲೋ ಸತುವಿನ ಆಕ್ಸೈಡನ್ನು ಪಡೆಯಲು ಹರಳಿನ ನೀರನ್ನು ಒಳಗೊಂಡ ಸತುವಿನ ನೈಟ್ರೇಟ್ ಸುಮಾರು 3.65 ಕಿಲೋ ಬೇಕು. ಯೂರಿಯಾ ಸುಮಾರು 1.23 ಕಿಲೋ. ಒಟ್ಟು ಐದು ಕಿಲೋಗೆ ಸಮೀಪದ ಸಾಮಗ್ರಿಯಿಂದ ಕೈಗೆ ಸಿಗುವುದು ಒಂದೇ ಕಿಲೋ. ಉಳಿದುದೆಲ್ಲ ಗಾಳಿಗೆ ಹೋಗುತ್ತದೆ: ಸುಮಾರು 0.9 ಕಿಲೋ ಇಂಗಾಲದ ಡೈ ಆಕ್ಸೈಡು, ಅಷ್ಟೇ ಸಾರಜನಕ, ಎರಡು ಕಿಲೋದಷ್ಟು ನೀರಾವಿ. ಇದು ಎಲ್ಲವೂ ಸರಿಯಾಗಿ ನಡೆದಾಗಿನ ಲೆಕ್ಕ. ಇಂಧನದ ಪಾಲು ತಪ್ಪಿದರೆ ಕಂದು ಬಣ್ಣದ ನೈಟ್ರೋಜನ್ ಆಕ್ಸೈಡಿನ ಹೊಗೆಯೋ ಇಂಗಾಲದ ಮಾನಾಕ್ಸೈಡೋ ಹೊರಬರುತ್ತದೆ. ಎರಡೂ ವಿಷಾನಿಲಗಳೇ.

ಮೈಕ್ರೋವೇವ್ ಮಾಡುವ ಕೆಲಸ

ಕುಲುಮೆಯಲ್ಲಿ ಶಾಖವು ಗೋಡೆಯಿಂದ ಪಾತ್ರೆಗೆ, ಪಾತ್ರೆಯಿಂದ ದ್ರಾವಣಕ್ಕೆ, ಅಂಚಿನಿಂದ ನಡುವಿಗೆ ಸಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಶಾಖ ವಸ್ತುವಿನ ಒಳಗೇ ಹುಟ್ಟುತ್ತದೆ. ಹಸಿ ಸೊಪ್ಪು, ಸಗಣಿ ತುಂಬಿದ ಗೊಬ್ಬರದ ಗುಂಡಿಯ ನಡುವೆ ಕೈಯಿಟ್ಟವರಿಗೆ ಒಳಗಿನಿಂದ ಏಳುವ ಬಿಸಿ ಎಂದರೇನೆಂದು ಗೊತ್ತು. ಅಲ್ಲಿ ಸೂಕ್ಷ್ಮಜೀವಿಗಳು ಬಿಸಿಯನ್ನು ಹುಟ್ಟಿಸುತ್ತವೆ. ಇಲ್ಲಿ ಆ ಕೆಲಸವನ್ನು ವಿದ್ಯುತ್ಕಾಂತೀಯ ಅಲೆ ಮಾಡುತ್ತದೆ. ಎರಡನೆಯ ಮಹಾಯುದ್ಧದ ಕಾಲದ ರೇಡಾರ್ ತಂತ್ರಜ್ಞಾನದಿಂದ ಹುಟ್ಟಿದ ಈ ಒಲೆಯ ಅಲೆಯು ಸೆಕೆಂಡಿಗೆ 245 ಕೋಟಿ ಬಾರಿ ದಿಕ್ಕು ಬದಲಿಸುತ್ತ ಕಂಪಿಸುತ್ತದೆ. ನೀರಿನ ಅಣುವಿಗೆ ಧನ ಮತ್ತು ಋಣದ ಎರಡು ತುದಿಗಳಿರುವುದರಿಂದ ಅದು ಅಲೆಯ ದಿಕ್ಕಿಗೆ ತಿರುಗಲು ಹೆಣಗುತ್ತದೆ. ದ್ರಾವಣದಲ್ಲಿರುವ ಲೋಹದ ಮತ್ತು ನೈಟ್ರೇಟಿನ ಅಯಾನುಗಳೂ ಆಚೀಚೆ ಓಡಾಡುತ್ತವೆ. ಈ ತಿಕ್ಕಾಟವೇ ಶಾಖವಾಗುತ್ತದೆ.

ಹೀಗೆ ಇಡೀ ದ್ರಾವಣ ಹೆಚ್ಚುಕಡಿಮೆ ಒಟ್ಟಿಗೆ ಕಾಯುತ್ತದೆ. ನೀರು ಬೇಗ ಆರುತ್ತದೆ. ಉಳಿದ ಜಿಗುಟು ಪಾಕ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಕಣಗಳ ಗಾತ್ರ ಹೆಚ್ಚು ಏಕರೂಪವಾಗಿರುವ ಸಾಧ್ಯತೆಯಿದೆ. ಅಲೆಯ ಪಾತ್ರ ಮುಖ್ಯವಾಗಿ ಕಿಡಿ ಹಚ್ಚುವುದು; ಮುಂದಿನ ತಾಪವನ್ನು ನೈಟ್ರೇಟ್ ಮತ್ತು ಇಂಧನಗಳೇ ಒದಗಿಸುತ್ತವೆ. ಹೆಸರಿನಲ್ಲಿ ‘ಮೈಕ್ರೋ’ ಇದೆಯೆಂದು ಅಲೆಯು ಕಣಗಳನ್ನು ಕತ್ತರಿಸುತ್ತದೆ ಎಂದು ಕೆಲವು ವಿದ್ಯಾರ್ಥಿಗಳು ಭಾವಿಸುವುದುಂಟು. ಆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಹತ್ತು ನ್ಯಾನೋಮೀಟರಿನ ಕಣದ ಮುಂದೆ ಅದು ಪರ್ವತ.

ಇನ್ನೊಂದು ಎಚ್ಚರಿಕೆ ಇಲ್ಲಿಯೇ ಸಲ್ಲಬೇಕು. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಈ ಪ್ರಯೋಗವನ್ನು ಯಾರೂ ಮಾಡಕೂಡದು. ನೈಟ್ರೇಟ್ ಮತ್ತು ಇಂಧನದ ಒಣ ಮಿಶ್ರಣ ಸ್ಫೋಟಿಸಬಲ್ಲದು; ಹೊಗೆ ಶ್ವಾಸಕೋಶವನ್ನು ಸುಡುತ್ತದೆ; ಅತಿ ಹಗುರಾದ ಪುಡಿ ಉಸಿರಿನೊಡನೆ ಒಳಹೋಗುತ್ತದೆ. ಹೊಗೆಯನ್ನು ಹೊರಗೆಳೆಯುವ ವ್ಯವಸ್ಥೆಯಿರುವ ಪ್ರಯೋಗಾಲಯದಲ್ಲಿ, ತಿಳಿದವರ ಮೇಲ್ವಿಚಾರಣೆಯಲ್ಲಿ, ಗ್ರಾಂಗಳ ಪ್ರಮಾಣದಲ್ಲಿ ಮಾಡುವ ಕೆಲಸವಿದು.

ಒಂದು ಘನ, ಆರು ಗುಂಟೆ

ವಸ್ತುವೊಂದು ಸಣ್ಣದಾದರೆ ಆಗುವುದೇನು? ಒಂದು ಸೆಂಟಿಮೀಟರ್ ಅಳತೆಯ ಘನವೊಂದರ ಆರು ಮುಖಗಳ ಒಟ್ಟು ವಿಸ್ತೀರ್ಣ ಆರು ಚದರ ಸೆಂಟಿಮೀಟರ್. ಒಂದು ದೊಡ್ಡ ಅಂಚೆಚೀಟಿಯಷ್ಟು. ಅದೇ ಘನವನ್ನು ಹತ್ತು ನ್ಯಾನೋಮೀಟರ್ ಅಳತೆಯ ಘನಗಳಾಗಿ ತುಂಡರಿಸಿದರೆ ಎಲ್ಲ ಮುಖಗಳ ಒಟ್ಟು ವಿಸ್ತೀರ್ಣ 600 ಚದರ ಮೀಟರ್ ಆಗುತ್ತದೆ. ಎಂದರೆ ಸುಮಾರು ಆರು ಗುಂಟೆ ಜಮೀನು. ವಸ್ತುವಿನ ತೂಕ ಒಂದಿಷ್ಟೂ ಹೆಚ್ಚಿಲ್ಲ. ಹೊರಗಿನೊಡನೆ ವ್ಯವಹರಿಸುವ ಮೈ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಿದೆ.

ನ್ಯಾನೋ ಕಣಗಳ ಗುಣವೂ ಅಪಾಯವೂ ಬಹುಮಟ್ಟಿಗೆ ಈ ಆರು ಗುಂಟೆಯಲ್ಲಿಯೇ ಅಡಗಿವೆ. ನೀರಿನಲ್ಲಿರುವ ವಿಷವನ್ನು ಹಿಡಿದಿಡಲು ಅಷ್ಟು ಜಾಗ ಸಿಗುತ್ತದೆ. ಎಲೆಗೆ ಅಂಟಲು, ಕರಗಲು, ಜೀವಕೋಶವನ್ನು ಮುಟ್ಟಲು ಕೂಡ ಅಷ್ಟೇ ಜಾಗ ಸಿಗುತ್ತದೆ.

ಪಾತ್ರೆಯೊಳಗೆ ಉಳಿಯುವ ಪುಡಿ

ಕರ್ನಾಟಕದಲ್ಲಿ ನಡೆದ ಕೆಲಸದಿಂದಲೇ ಎರಡು ಉದಾಹರಣೆಗಳನ್ನು ನೋಡಬಹುದು. ಬೆಟ್ಟ ಇಳಿದು ಕಡೂರಿನ ಬಯಲಿಗೆ ಹೋದರೆ ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮೀರಿದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆ ಬಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಬಿ. ನಾಗಪ್ಪ ಮತ್ತು ಜಿ. ಟಿ. ಚಂದ್ರಪ್ಪ ಅವರು ಮೆಗ್ನೀಸಿಯಂ ನೈಟ್ರೇಟ್ ಮತ್ತು ಗ್ಲೈಸೀನನ್ನು ದಹಿಸಿ ಪಡೆದ ಮೆಗ್ನೀಸಿಯಂ ಆಕ್ಸೈಡಿನ ಸೂಕ್ಷ್ಮ ಪುಡಿ ನೀರಿನ ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ ಎಂದು 2007ರಲ್ಲಿ ತೋರಿಸಿದರು. ಮತ್ತೊಂದು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಹೆಗಡೆ, ಗಿರಿಧರ ಮದ್ರಾಸ್ ಮತ್ತು ಸಂಗಡಿಗರದು. ದಹನ ವಿಧಾನದಿಂದ ಪಡೆದ ಸುಮಾರು ಹತ್ತು ನ್ಯಾನೋಮೀಟರಿನ ಟೈಟಾನಿಯಂ ಆಕ್ಸೈಡು ಬೆಳಕಿನ ನೆರವಿನಿಂದ ನೀರಿನಲ್ಲಿರುವ ಬಟ್ಟೆಬಣ್ಣಗಳನ್ನು ಒಡೆಯುತ್ತದೆ ಎಂದು ಅವರು 2003ರಲ್ಲಿಯೂ, ಬಿಸಿಲಿನಲ್ಲಿಯೂ ಅದು ಸಾಧ್ಯ ಎಂದು 2004ರಲ್ಲಿಯೂ ಪ್ರಕಟಿಸಿದರು.

ಹಾಗಾದರೆ ಕಾಫಿ ಪಲ್ಪಿಂಗ್ ನೀರಿಗೂ ಇದೇ ಪುಡಿಯನ್ನು ಹಾಕಬಹುದಲ್ಲವೇ ಎಂಬ ಪ್ರಶ್ನೆ ಬೆಳೆಗಾರರ ಮನಸ್ಸಿನಲ್ಲಿ ಏಳುವುದು ಸಹಜ. ಕೊಯಿಲಿನ ಕಾಲದಲ್ಲಿ, ಹಳ್ಳಗಳು ಬತ್ತುತ್ತಿರುವಾಗಲೇ, ಆ ಹುಳಿ ನೀರು ಹಳ್ಳಕ್ಕೆ ಸೇರಿ ಮೀನು ಸಾಯುವುದನ್ನು ಮಲೆನಾಡು ಕಂಡಿದೆ. ಆದರೆ ಬೆಳಕಿನಿಂದ ಕೆಲಸ ಮಾಡುವ ಪುಡಿಗೆ ಬೆಳಕು ತಲುಪಬೇಕು. ಪ್ರಯೋಗಾಲಯದ ತೆಳು ಬಣ್ಣದ ನೀರಿಗೂ ಲೋಳೆ ತುಂಬಿದ ಪಲ್ಪಿಂಗ್ ನೀರಿಗೂ ಬಹಳ ಅಂತರವಿದೆ. ಲೋಳೆ ಮತ್ತು ಸಿಪ್ಪೆಯನ್ನು ಬೇರ್ಪಡಿಸುವುದು, ಸುಣ್ಣದಿಂದ ಹುಳಿಯನ್ನು ತಗ್ಗಿಸುವುದು, ತೊಟ್ಟಿಯಲ್ಲಿ ಕೊಳೆಸಿ ಅನಿಲ ಪಡೆಯುವುದು, ಮೊದಲಾಗಿ ಕಡಿಮೆ ನೀರನ್ನು ಬಳಸುವುದು, ಇವು ಇಂದಿಗೂ ಮೊದಲ ದಾರಿಗಳು.

ಈ ಎರಡು ಉದಾಹರಣೆಗಳಲ್ಲಿ ಗಮನಿಸಬೇಕಾದ ಸಮಾನ ಅಂಶವೊಂದಿದೆ. ಪುಡಿಯನ್ನು ಪಾತ್ರೆಯೊಳಗೆ, ಸೋಸುಪದರದಲ್ಲಿ ಅಥವಾ ಹಲಗೆಯ ಮೇಲೆ ಹಿಡಿದಿಡಬಹುದು. ಕೆಲಸ ಮುಗಿದ ಮೇಲೆ ಅದನ್ನು ಮರಳಿ ಎತ್ತಿಕೊಳ್ಳಬಹುದು. ಫ್ಲೋರೈಡ್ ತುಂಬಿದ ಹಳೆಯ ಪುಡಿಯನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದರೆ ಉತ್ತರ ಹೇಳಬೇಕಾದವರು ಯಾರು ಎಂಬುದು ಗೊತ್ತಿರುತ್ತದೆ.

ತೋಟಕ್ಕೆ ಬಿಟ್ಟ ಪುಡಿ

ತೋಟ ಮತ್ತು ಗದ್ದೆಗೆ ಸಿಂಪಡಿಸುವ ವಸ್ತುವಿನ ಸಂಗತಿ ಬೇರೆ. ಅದನ್ನು ಮರಳಿ ಎತ್ತಿಕೊಳ್ಳಲು ಬರುವುದಿಲ್ಲ.

ಮಲೆನಾಡಿಗೆ ಲೋಹದ ಸಿಂಪಡಣೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅಂದಿನಿಂದ ಇಲ್ಲಿಯ ಕೊನೆಗಳನ್ನು ಕಾಪಾಡುತ್ತ ಬಂದಿದೆ. ಅದು ಇಲ್ಲದಿದ್ದರೆ ಎಷ್ಟೋ ಸಂಸಾರಗಳು ಮುಳುಗುತ್ತಿದ್ದವು ಎಂಬುದನ್ನು ಮರೆಯಲಾಗದು. ಆದರೆ ಲೆಕ್ಕವನ್ನೂ ಮರೆಯಲಾಗದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಹಾಕಿದರೆ ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ತಾಮ್ರ ಮೂಲವಸ್ತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಳೆಗೆ ತೊಳೆದು ಮರದ ಬುಡಕ್ಕೆ ಬರುತ್ತದೆ. ಒಂದಿಷ್ಟು ಅಲ್ಲಿ ಉಳಿಯುತ್ತದೆ, ಒಂದಿಷ್ಟು ಮಣ್ಣಿನೊಡನೆ ಕೊಚ್ಚಿಹೋಗುತ್ತದೆ. ಅಜ್ಜ ಹೊಡೆದ ತಾಮ್ರದ ಒಂದು ಭಾಗ ಮೊಮ್ಮಗನ ತೋಟದ ಮಣ್ಣಿನಲ್ಲಿ ಇನ್ನೂ ಇದೆ.

ನ್ಯಾನೋ ಕಣಗಳ ಪರವಾಗಿ ಹೇಳಬಹುದಾದ ಬಲವಾದ ಮಾತು ಇಲ್ಲಿಯೇ ಇದೆ. ಸತುವಿನ ಕೊರತೆಯಿರುವ ಭತ್ತದ ಗದ್ದೆಗೆ ಸಾಮಾನ್ಯವಾಗಿ ಹೆಕ್ಟೇರಿಗೆ 20ರಿಂದ 25 ಕಿಲೋ ಸತುವಿನ ಸಲ್ಫೇಟ್ ಹಾಕುತ್ತಾರೆ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಕರ್ನಾಟಕದ ಅನೇಕ ಕಡೆ ಸತು, ಬೋರಾನ್, ಗಂಧಕಗಳ ಕೊರತೆಯಿದೆ ಎಂದು ತೋರಿಸಿದವು. ಕಿಲೋಗಳ ಬದಲು ಗ್ರಾಂಗಳಲ್ಲಿ ಕೆಲಸ ಆಗುವುದಾದರೆ ಮಣ್ಣಿನ ಮೇಲೆ ಬೀಳುವ ಲೋಹದ ಹೊರೆ ತಗ್ಗುತ್ತದೆ. ಇದು ತಳ್ಳಿಹಾಕುವ ಮಾತಲ್ಲ.

ಆಂಧ್ರದ ತಿರುಪತಿಯಲ್ಲಿ ಪ್ರಸಾದ್ ಮತ್ತು ಸಂಗಡಿಗರು ಶೇಂಗಾದ ಮೇಲೆ ಮಾಡಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಎರಡೂ ಬದಿಯನ್ನು ತೋರಿಸುತ್ತದೆ. ಸುಮಾರು 25 ನ್ಯಾನೋಮೀಟರಿನ ಸತುವಿನ ಆಕ್ಸೈಡನ್ನು ಹತ್ತು ಲಕ್ಷಕ್ಕೆ 1000 ಭಾಗದಷ್ಟು ಬಳಸಿ ಬೀಜೋಪಚಾರ ಮಾಡಿದಾಗ ಮೊಳಕೆ ಮತ್ತು ಸಸಿಯ ಕಸುವು ಹೆಚ್ಚಿದವು. 2000 ಭಾಗಕ್ಕೆ ಏರಿಸಿದಾಗ ಬೆಳವಣಿಗೆ ಕುಂದಿತು. ಅಮೆರಿಕದಲ್ಲಿ ಲಿನ್ ಮತ್ತು ಷಿಂಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಲೀಟರಿಗೆ 2000 ಮಿಲಿಗ್ರಾಂ ಸತುವಿನ ಆಕ್ಸೈಡಿನ ನ್ಯಾನೋ ಕಣಗಳು ಮೂಲಂಗಿ, ಮೆಕ್ಕೆಜೋಳ, ಸೌತೆ ಮೊದಲಾದ ಸಸಿಗಳ ಬೇರನ್ನು ತಡೆದವು. ಔಷಧಿಗೂ ವಿಷಕ್ಕೂ ನಡುವಿನ ಅಂತರ ಇಮ್ಮಡಿಯಷ್ಟೇ ಇರಬಹುದು. ಕಣ್ಣಳತೆಯಲ್ಲಿ ಮುಚ್ಚಳ ತುಂಬಿ ಸುರಿಯುವ ರೂಢಿಯಿರುವಲ್ಲಿ ಇದು ಯೋಚಿಸಬೇಕಾದ ವಿಷಯ.

ಆಸ್ಟ್ರೇಲಿಯಾದಲ್ಲಿ ಫ್ರಾಂಕ್ಲಿನ್ ಮತ್ತು ಸಂಗಡಿಗರು 2007ರಲ್ಲಿ ಸಿಹಿನೀರಿನ ಪಾಚಿಯ ಮೇಲೆ ಮಾಡಿದ ಪರೀಕ್ಷೆ ಬೆಟ್ಟದವರಿಗೆ ಇನ್ನೂ ಹತ್ತಿರದ್ದು. ಸತುವಿನ ಆಕ್ಸೈಡು ನ್ಯಾನೋ ರೂಪದಲ್ಲಿರಲಿ, ಸಾಮಾನ್ಯ ಪುಡಿಯಾಗಿರಲಿ, ಪಾಚಿಗೆ ಆದ ಹಾನಿ ಹೆಚ್ಚುಕಡಿಮೆ ಒಂದೇ. ಹಾನಿಗೆ ಕಾರಣ ನೀರಿನಲ್ಲಿ ಕರಗಿದ ಸತು. ‘ನ್ಯಾನೋ’ ಎಂಬ ಹೆಸರಿಗೆ ಹೆದರಬೇಕಾಗಿಲ್ಲ, ಮರುಳಾಗಲೂಬೇಕಾಗಿಲ್ಲ ಎಂಬುದನ್ನು ಇದು ಕಲಿಸುತ್ತದೆ. ನೋಡಬೇಕಾದದ್ದು ಎಷ್ಟು ಲೋಹ ನೀರಿಗೆ ಸೇರಿತು ಎಂಬುದನ್ನು. ಹಳ್ಳದ ಕಲ್ಲಿನ ಮೇಲಿನ ಪಾಚಿಯನ್ನು ತಿಂದು ಮೀನಿನ ಮರಿ ಬದುಕುತ್ತದೆ.

ಭಾರತದಲ್ಲಿ ನ್ಯಾನೋ ಯೂರಿಯಾ 2021ರಲ್ಲಿ ಮಾರುಕಟ್ಟೆಗೆ ಬಂತು. 2024ರಲ್ಲಿ ನ್ಯಾನೋ ಸತು ಮತ್ತು ನ್ಯಾನೋ ತಾಮ್ರದ ದ್ರವಗಳೂ ರಸಗೊಬ್ಬರ ನಿಯಂತ್ರಣ ಆದೇಶದಡಿ ಅಧಿಸೂಚಿತವಾದವು. ಈ ಉತ್ಪನ್ನಗಳೆಲ್ಲ ದಹನ ವಿಧಾನದಿಂದಲೇ ಬಂದವು ಎಂದು ಯಾರೂ ತಿಳಿಯಬಾರದು. ನ್ಯಾನೋ ಕಣಗಳನ್ನು ಪಡೆಯುವ ದಾರಿಗಳು ಹಲವು. ಅವುಗಳ ಮೌಲ್ಯಮಾಪನ ಹೇಗಿರಬೇಕೆಂದು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಬಯಲಿನ ಸಮತಟ್ಟು ಹೊಲದಲ್ಲಿ ಸುರಕ್ಷಿತವೆಂದು ಕಂಡದ್ದು ಇಳಿಜಾರಿನ ತೋಟದಲ್ಲಿ, ಆಷಾಢದ ಮಳೆಯಲ್ಲಿ ಹಾಗೆಯೇ ಇರುತ್ತದೆಂದು ಭಾವಿಸಲಾಗದು.

‘ಹಸಿರು’ ಎಂಬ ವಿಶೇಷಣ

ಈಚಿನ ವರ್ಷಗಳಲ್ಲಿ ಯೂರಿಯಾದ ಬದಲು ಸಸ್ಯದ ರಸವನ್ನು ಇಂಧನವಾಗಿ ಬಳಸುವ ಪ್ರಯೋಗಗಳು ನಡೆದಿವೆ. ಕಳ್ಳಿಯ ಹಾಲಿನಿಂದ ಹಿಡಿದು ಎಲೆಯ ಕಷಾಯದವರೆಗೆ ಹಲವು ವಸ್ತುಗಳನ್ನು ತುಮಕೂರಿನ ಪ್ರಯೋಗಾಲಯಗಳೂ ಸೇರಿದಂತೆ ಅನೇಕ ಕಡೆ ಪರೀಕ್ಷಿಸಲಾಗಿದೆ. ಇದಕ್ಕೆ ‘ಹಸಿರು ಸಂಶ್ಲೇಷಣೆ’ ಎಂದು ಹೆಸರು. ವಿದ್ಯಾರ್ಥಿಗಳಿಗೆ ಇದು ಉತ್ತಮ ಅಧ್ಯಯನ. ಆದರೆ ಇಂಧನ ಎಲೆಯದಾದರೂ ನೈಟ್ರೇಟ್ ಕಾರ್ಖಾನೆಯದೇ, ಲೋಹ ಗಣಿಯದೇ. ಯೂರಿಯಾ ಮತ್ತು ನೈಟ್ರಿಕ್ ಆಮ್ಲ ಎರಡಕ್ಕೂ ಮೂಲ ಅಮೋನಿಯ. ಅದನ್ನು ತಯಾರಿಸಲು ನೈಸರ್ಗಿಕ ಅನಿಲ, 400 ಡಿಗ್ರಿಗೂ ಮಿಗಿಲಾದ ತಾಪ, ಭಾರಿ ಒತ್ತಡ ಬೇಕು. ಐದು ನಿಮಿಷದ ಬೆಂಕಿಯ ಹಿಂದೆ ದೂರದಲ್ಲೆಲ್ಲೋ ಉರಿದ ದೀರ್ಘ ಬೆಂಕಿಯೊಂದಿದೆ. ಭದ್ರಾವತಿಯ ಕಾಲದಲ್ಲಿ ಆ ಬೆಂಕಿ ಕಣ್ಣೆದುರಿಗಿತ್ತು. ಈಗ ಅದು ಕಾಣುವುದಿಲ್ಲ, ಅಷ್ಟೇ.

ಮೇಲಿನವರ ಹೊಣೆ

ಸಣ್ಣ ಕಣ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಭದ್ರೆಯ ದಡದವರಿಗೆ ಕುದುರೆಮುಖ ಕಲಿಸಿದೆ. ಗಣಿಯಿಂದ ಎದ್ದ ನುಣ್ಣನೆಯ ಹೂಳು ನದಿಯನ್ನು ಕೆಂಪಾಗಿಸಿದ್ದನ್ನು ಜನ ಕಂಡರು, ಹೋರಾಡಿದರು. ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹೂಳು ಕಣ್ಣಿಗೆ ಕಾಣುತ್ತಿತ್ತು. ಆದುದರಿಂದ ಸಾಕ್ಷಿ ಸುಲಭವಾಯಿತು. ಹತ್ತು ನ್ಯಾನೋಮೀಟರಿನ ಕಣವಾಗಲಿ ಕರಗಿದ ಸತುವಾಗಲಿ ನೀರಿನ ಬಣ್ಣವನ್ನು ಕೆಡಿಸುವುದಿಲ್ಲ. ಅದಕ್ಕೆ ಸಾಕ್ಷಿ ಹೇಳುವುದು ಪರೀಕ್ಷೆಯೊಂದೇ.

ಹೆಬ್ಬೆಯ ನೀರು ಭದ್ರೆಯ ಜಲಾನಯನಕ್ಕೆ ಸೇರಿದ್ದು. ಆ ನೀರು ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು ಶಿವಮೊಗ್ಗ, ದಾವಣಗೆರೆ ಸೀಮೆಯ ಗದ್ದೆಗಳಿಗೂ ಊರುಗಳಿಗೂ ಹೋಗುತ್ತದೆ. ಆದುದರಿಂದ ಇಲ್ಲಿಯ ತೋಟಗಾರನು ಬಾಟಲಿಯೊಂದನ್ನು ಕೊಳ್ಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಕೆಳಗಿನವರ ಪರವಾಗಿ ಕೇಳಿದಂತೆ. ಮಣ್ಣು ಪರೀಕ್ಷೆಯಲ್ಲಿ ಆ ಲೋಹದ ಕೊರತೆ ನಿಜವಾಗಿ ಕಂಡಿದೆಯೇ? ಬಾಟಲಿಯಲ್ಲಿ ಇರುವ ಲೋಹ ಎಷ್ಟು ಗ್ರಾಂ, ಎಕರೆಗೆ ಬೀಳುವುದೆಷ್ಟು? ಹಿಂದೆ ಹಾಕುತ್ತಿದ್ದುದನ್ನು ಇದು ಕಡಿಮೆ ಮಾಡುತ್ತದೆಯೇ, ಅಥವಾ ಅದರ ಮೇಲೆ ಇನ್ನಷ್ಟನ್ನು ಕೂಡಿಸುತ್ತದೆಯೇ? ಇಳಿಜಾರಿನ, ಹೆಚ್ಚು ಮಳೆಯ ಪ್ರದೇಶದಲ್ಲಿ ಪರೀಕ್ಷೆ ನಡೆದಿದೆಯೇ? ಮಳೆ ಬಂದರೆ ತೊಳೆದುಹೋಗುವುದೆಷ್ಟು? ಉತ್ತರ ದೊರಕದಿದ್ದರೆ ಒಂದು ಸಾಲಿನ ಗಿಡಗಳಿಗೆ ಮಾತ್ರ ಬಳಸಿ, ಪಕ್ಕದ ಸಾಲನ್ನು ಹಾಗೆಯೇ ಬಿಟ್ಟು, ಒಂದು ವರ್ಷ ಕಾದು ನೋಡುವುದು ರೈತರಿಗೆ ತಿಳಿದಿರುವ ಹಳೆಯ ವಿವೇಕ. ಹಳ್ಳದ ದಡದಲ್ಲಿ ಒಂದು ಪಟ್ಟಿ ಹುಲ್ಲು, ಪೊದೆಗಳನ್ನು ಉಳಿಸಿ ಅಲ್ಲಿ ಏನನ್ನೂ ಸಿಂಪಡಿಸದಿರುವುದು ಇಂದಿನಿಂದಲೇ ಆಗಬಹುದಾದ ಕೆಲಸ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ತೋಟದ ಮೇಲಿನ ಮಣ್ಣು, ಕೆಳಗಿನ ಮಣ್ಣು, ಹಳ್ಳದ ಕೆಸರು, ಈ ಮೂರರಲ್ಲಿ ತಾಮ್ರ ಮತ್ತು ಸತುವಿನ ಪ್ರಮಾಣವನ್ನು ಮಳೆಗಾಲಕ್ಕೆ ಮುನ್ನ ಮತ್ತು ನಂತರ ಅಳೆಸಿ ಬರೆದಿಡಬೇಕು. ಮಾದರಿಯನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಬಹುದು. ವರ್ಷವರ್ಷವೂ ಒಂದೇ ಜಾಗದಿಂದ ತೆಗೆದ ಅಂತಹ ಲೆಕ್ಕ ಹತ್ತು ವರ್ಷಗಳಾದ ಮೇಲೆ ಯಾವ ಭಾಷಣಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ. ಕಣ್ಣಿಗೆ ಕಾಣದ ಕಣದ ವಿಷಯದಲ್ಲಿ ಬೆಟ್ಟದವರ ಕೈಯಲ್ಲಿರಬಹುದಾದ ಸಾಕ್ಷಿ ಅದೇ.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ 1988ರಲ್ಲಿ ಅರಳಿದ ಆ ಬಿಳಿಯ ನೊರೆ ಕನ್ನಡ ನಾಡು ಹೆಮ್ಮೆಪಡಬೇಕಾದ ಶೋಧ. ಆ ಹೆಮ್ಮೆಗೆ ತಕ್ಕಂತೆ ಅದರ ಫಲವನ್ನು ಪಾತ್ರೆಯೊಳಗೆ ಹಿಡಿದಿಟ್ಟು ಬಳಸುವಲ್ಲಿ ಉತ್ಸಾಹವಿರಲಿ, ನೀರಿಗೂ ಮಣ್ಣಿಗೂ ಬಿಡುವಲ್ಲಿ ತಾಳ್ಮೆಯಿರಲಿ.